ಮಳೆಗಾಲದಲ್ಲಿ ದೇಹದಾನ: ಮೇಗರವಳ್ಳಿ ಕಡೆಯಿಂದ ಶಿವಮೊಗ್ಗ ಮುಟ್ಟುವಷ್ಟರಲ್ಲಿ ದೇಹ ಕೆಡುವುದಿಲ್ಲವೇ?

ಮೇಗರವಳ್ಳಿ ಓದುಗ:

ನಮ್ಮ ಮಾವನವರಿಗೆ 79 ವರ್ಷ. ತಾವು ತೀರಿಕೊಂಡ ಮೇಲೆ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಬೇಕು ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಪೇಸ್‌ಮೇಕರ್ ಕೂಡ ಹಾಕಿದ್ದಾರೆ. ಮನೆ ಮೇಗರವಳ್ಳಿಯಿಂದ ಒಳಗೆ. ಶಿವಮೊಗ್ಗಕ್ಕೆ 80 ಕಿ.ಮೀ. ಹತ್ತಿರ ಆಗುತ್ತದೆ. ಜುಲೈ ತಿಂಗಳಲ್ಲಿ ಮರ ಬಿದ್ದು ರಸ್ತೆ ಬಂದ್ ಆಗುವುದು, ಎರಡು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಮಾಮೂಲು.

ಎಷ್ಟು ಹೊತ್ತಿನೊಳಗೆ ತಲುಪಿಸಬೇಕು? ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು? ಪೇಸ್‌ಮೇಕರ್ ಇದ್ದರೆ ತೆಗೆದುಕೊಳ್ಳುತ್ತಾರಾ? ಕಣ್ಣನ್ನೂ ಕೊಡಬಹುದಾ? ಬಂದ ದೇಹವನ್ನು ಏನು ಮಾಡುತ್ತಾರೆ ಎಂದು ನೆಂಟರು ಕೇಳಿದರೆ ಸರಿಯಾದ ಉತ್ತರ ಹೇಳಬೇಕು ಎಂಬುದೂ ಇದೆ.

ಡಿಸೆಕ್ಷನ್ ಹಾಲ್:

ಅಂಗರಚನಾ (ಅನಾಟಮಿ) ವಿಭಾಗದಲ್ಲಿ ನಾವು ನೋಡಿರುವಂತೆ, ಅರ್ಜಿ ತುಂಬಿಟ್ಟಿದ್ದೂ ಕೊನೆಗೆ ದೇಹ ಸ್ವೀಕಾರ ಆಗದೆ ಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಮನೆಯವರಲ್ಲೇ ಒಬ್ಬರು ಬೇಡ ಎನ್ನುವುದು. ಇನ್ನೊಂದು, ಮೊದಲ ಕೆಲವು ಗಂಟೆ ದೇಹವನ್ನು ಬೆಚ್ಚಗೆ ಇಟ್ಟುಬಿಡುವುದು. ನಿಮ್ಮ ಪ್ರಶ್ನೆ ಎರಡನೆಯದರದ್ದು, ಅದನ್ನೇ ಮೊದಲು ಹೇಳುತ್ತೇನೆ.

ತಂಪು ಮಾಡದೆ ಇಟ್ಟ ದೇಹವನ್ನು ಆರರಿಂದ ಎಂಟು ಗಂಟೆಯೊಳಗೆ ತರುವುದು ಕ್ಷೇಮ. 4 ಡಿಗ್ರಿ ಆಸುಪಾಸಿನ ಶೈತ್ಯಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಒಂದು ದಿನ ಆದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ಕೊಳೆಯುವಿಕೆ ಶುರುವಾಗುವುದು ಹೊಟ್ಟೆಯಿಂದ. ಕರುಳಿನ ಬ್ಯಾಕ್ಟೀರಿಯಾ ಅಲ್ಲಿಂದ ರಕ್ತನಾಳಗಳಿಗೆ ಹರಡುತ್ತವೆ, ಕಿಬ್ಬೊಟ್ಟೆಯ ಬಲಭಾಗ ಹಸಿರಾಗುತ್ತದೆ. ಬೇಸಿಗೆಯಲ್ಲಿ 12ರಿಂದ 18 ಗಂಟೆಗೇ ಈ ಹಸಿರು ಕಾಣಿಸುತ್ತದೆ, ಚಳಿಯಲ್ಲಿ ಒಂದೆರಡು ದಿನ ಹಿಡಿಯುತ್ತದೆ. ಅಷ್ಟಾದ ಮೇಲೆ ನಾಳಗಳ ಗೋಡೆ ಸಡಿಲವಾಗಿರುತ್ತದೆ. ದೇಹ ಕೆಡದಿರಲೆಂದು ನಾವು ರಕ್ತನಾಳದ ಒಳಗೆ ಬಿಡುವ ದ್ರಾವಣ ಕಾಲಿನ ಬೆರಳು ಮುಟ್ಟುವ ಮೊದಲೇ ದಾರಿಯಲ್ಲಿ ಸೋರಿಹೋಗುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಕಂಬಳಿ, ರಗ್ಗು ತೆಗೆದು ತೆಳು ಪಂಚೆ ಮಾತ್ರ ಹೊದಿಸಿ. ಹಾಸಿಗೆಯಿಂದ ಇಳಿಸಿ ಸಿಮೆಂಟ್ ಅಥವಾ ಕಾವಿ ನೆಲದ ಮೇಲೆ, ಒಲೆಯಿಂದ ದೂರ, ಅಂಗಾತ ಮಲಗಿಸಿ. ಕೈ ಎರಡೂ ಪಕ್ಕಕ್ಕೆ ನೇರವಾಗಿರಲಿ. ತಲೆಯ ಕೆಳಗೆ ಒಂದು ದಿಂಬು ಬೇಕು, ಇಲ್ಲದಿದ್ದರೆ ರಕ್ತ ಮುಖಕ್ಕೆ ಇಳಿದು ಕಪ್ಪಾಗುತ್ತದೆ. ಇದನ್ನೆಲ್ಲ ಮೊದಲ ಒಂದೆರಡು ಗಂಟೆಯಲ್ಲೇ ಮುಗಿಸಿ. ಬಿಗಿತ ಶುರುವಾದ ಮೇಲೆ ಕೈಕಾಲು ಎಳೆದು ನೇರ ಮಾಡಲು ಹೋದರೆ ಸ್ನಾಯು ಹರಿಯುತ್ತದೆ. ದೇಹವನ್ನು ಕುಳ್ಳಿರಿಸಿ ಪೂಜೆ ಮಾಡುವ ಪದ್ಧತಿ ಇರುವ ಮನೆಗಳಲ್ಲಿ ಈ ಮಾತು ಮೊದಲೇ ಆಡಿಕೊಳ್ಳಬೇಕು. ಕುಳಿತ ಭಂಗಿಯಲ್ಲೇ ಸೆಟೆದರೆ ತೊಡೆಸಂದು ಮಡಚಿಕೊಂಡಿರುತ್ತದೆ, ನಮಗೆ ಧಮನಿ ಸಿಗುವುದು ಅಲ್ಲೇ. ಮಲಗಿಸಿದ ದೇಹಕ್ಕೇ ವಿಭೂತಿ ಹಚ್ಚಿ ಪೂಜೆ ಮುಗಿಸಲು ಯಾವ ಅಡ್ಡಿಯೂ ಇಲ್ಲ.

ಹಂಡೆಯ ಬಿಸಿನೀರಿನ ಸ್ನಾನ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಐಸ್ ಸಿಕ್ಕರೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಟವೆಲ್ ಸುತ್ತಿ, ಹೊಟ್ಟೆಯ ಮೇಲೆ, ಅದರಲ್ಲೂ ಬಲಗಡೆ, ಮತ್ತು ಎರಡೂ ತೊಡೆಸಂದಿಗೆ ಇಡಿ. ಐಸಿಗೆ ಉಪ್ಪು ಹಾಕಬೇಡಿ. ನಮಗೆ ಬೇಕಿರುವುದು ತಂಪು, ಹೆಪ್ಪುಗಟ್ಟುವುದಲ್ಲ. ದೇಹ ಗಡ್ಡೆಕಟ್ಟಿದರೆ ಜೀವಕೋಶ ಒಡೆಯುತ್ತದೆ, ಕರಗಿದ ಮೇಲೆ ಇನ್ನೂ ಬೇಗ ಕೆಡುತ್ತದೆ.

ಬಾಡಿಗೆ ಫ್ರೀಜರ್ ಬಾಕ್ಸ್ ತರಿಸುವುದಾದರೆ ಜನರೇಟರ್ ಜತೆಗೆ ಕೊಡುತ್ತಾರಾ ಎಂದು ಈಗಲೇ ಕೇಳಿಡಿ. ಕರೆಂಟ್ ಹೋದಾಗ ಮುಚ್ಚಳ ತೆರೆಯದಿರುವುದೇ ದೊಡ್ಡ ಉಪಾಯ. ಬಂದವರೆಲ್ಲ ಮುಚ್ಚಳ ತೆಗೆಸಿ ನೋಡುತ್ತಾ ಹೋದರೆ ಬಾಕ್ಸ್ ಇದ್ದೂ ಇಲ್ಲದ ಹಾಗೆ.

ಸಕ್ಕರೆ ಕಾಯಿಲೆ ಒಂದೇ ಕಾರಣಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ಕಾಲಿಗೆ ಗ್ಯಾಂಗ್ರಿನ್ ಆಗಿದ್ದರೆ, ಮಲಗಿದ್ದಲ್ಲೇ ಇದ್ದು ಬೆನ್ನಿಗೆ ಆಳವಾದ ಹುಣ್ಣು ಆಗಿದ್ದರೆ, ಸೋಂಕು ರಕ್ತಕ್ಕೇ ಏರಿ ತೀರಿಕೊಂಡಿದ್ದರೆ ತೆಗೆದುಕೊಳ್ಳುವುದು ಕಷ್ಟ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ವಾಸಿಯಾಗದ ಕ್ಷಯ, ಧನುರ್ವಾಯು, ರೇಬಿಸ್ ಇದ್ದರೆ ಇಲ್ಲ. ನಮ್ಮ ಕಡೆ ಮಂಗನ ಕಾಯಿಲೆಯನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ. ಪೇಸ್‌ಮೇಕರ್ ಇದ್ದರೆ ತೊಂದರೆಯಿಲ್ಲ, ಆದರೆ ಕೊಡುವಾಗ ಬಾಯಿಬಿಟ್ಟು ಹೇಳಿ, ಫಾರಂನಲ್ಲೂ ಬರೆಸಿ. ಕೊನೆಯಲ್ಲಿ ದಹನಕ್ಕೆ ಹೋಗುವಾಗ ಅದು ಒಳಗೇ ಉಳಿದಿದ್ದರೆ ಬ್ಯಾಟರಿ ಸಿಡಿಯುತ್ತದೆ.

ನೇತ್ರ ತಂತ್ರಜ್ಞ:

ಕಣ್ಣಿನ ವಿಚಾರ ನಾನು ಹೇಳುತ್ತೇನೆ. ಮೊದಲ ಫೋನ್ ನೇತ್ರ ಭಂಡಾರಕ್ಕೇ ಹೋಗಬೇಕು, ಯಾಕೆಂದರೆ ಅದರ ಗಡುವು ಆರು ಗಂಟೆ. ಕಣ್ಣು ಕೊಟ್ಟ ದೇಹವನ್ನು ಮೆಡಿಕಲ್ ಕಾಲೇಜುಗಳು ಸಾಮಾನ್ಯವಾಗಿ ಸ್ವೀಕರಿಸುತ್ತವೆ, ಎರಡೂ ದಾನ ಒಟ್ಟಿಗೆ ನಡೆಯುತ್ತದೆ. ಪೊರೆ ಆಪರೇಷನ್, ಕನ್ನಡಕ, ಸಕ್ಕರೆ ಕಾಯಿಲೆ ಇವು ಯಾವುವೂ ಅಡ್ಡಿಯಲ್ಲ. ಕಸಿಗೆ ಬೇಕಿರುವುದು ಕಣ್ಣಿನ ಮುಂದಿನ ಪಾರದರ್ಶಕ ಪದರ, ಕಾರ್ನಿಯಾ. ಪೊರೆ ಬರುವುದು ಅದರ ಹಿಂದಿನ ಮಸೂರಕ್ಕೆ. ಅದೇ ರಕ್ತದ ಕ್ಯಾನ್ಸರ್, ರೇಬಿಸ್, ಕಾಮಾಲೆಯ ವೈರಸ್‌ಗಳು, ಎಚ್‌ಐವಿ ಇದ್ದರೆ ಕಸಿಗೆ ಬಳಸುವುದಿಲ್ಲ.

ಕಣ್ಣು ಕೆಡುವುದು ಒಣಗಿ. ರೆಪ್ಪೆ ಮುಚ್ಚಿ, ಶುದ್ಧ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಮೇಲೆ ಇಡಿ, ಅರ್ಧ ಗಂಟೆಗೊಮ್ಮೆ ಬದಲಿಸಿ. ಮೇಲೆ ತಿರುಗುವ ಫ್ಯಾನ್ ಆಫ್ ಮಾಡಿ. ಸೆಖೆ ಎಂದು ಟೇಬಲ್ ಫ್ಯಾನ್ ತಂದು ಮುಖಕ್ಕೆ ಹಿಡಿಯುವವರಿದ್ದಾರೆ, ಅದರಿಂದ ಕಾರ್ನಿಯಾ ಒಣಗಿ ಮಸುಕಾಗುತ್ತದೆ. ರೆಪ್ಪೆ ಪೂರ್ತಿ ಮುಚ್ಚದೆ ಕೆಳಗೊಂದು ಬಿಳಿ ಗೆರೆ ಕಾಣುತ್ತಿದ್ದರೆ ಆ ಗೆರೆಯ ಉದ್ದಕ್ಕೇ ಕಣ್ಣಿನ ಬಿಳಿಭಾಗ ಕಂದಾಗಿ ಒಣಗುತ್ತದೆ, ಹಾಗಾಗಿ ಹತ್ತಿಯನ್ನು ಅಲ್ಲಿಗೆ ಒತ್ತಿ ಕೂರಿಸಿ. ದಿಂಬು ಇಡುವುದೂ ಒಳ್ಳೆಯದೇ, ಕಣ್ಣು ತೆಗೆದ ಮೇಲೆ ರಕ್ತ ಒಸರುವುದು ಕಡಿಮೆ.

ಕೆಲಸ ಇಪ್ಪತ್ತು ನಿಮಿಷದ್ದು, ಮನೆಯಲ್ಲೇ ಮಾಡುತ್ತಾರೆ. ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆಯುತ್ತಾರೆ. ಮುಖ ವಿಕಾರವಾಗುವುದಿಲ್ಲ. ಕಾರ್ನಿಯಾವನ್ನು ಎಂಕೆ ಮೀಡಿಯಂ ಎಂಬ ದ್ರಾವಣದಲ್ಲಿ 4 ಡಿಗ್ರಿಯಲ್ಲಿಟ್ಟರೆ ನಾಲ್ಕು ದಿನ ಬರುತ್ತದೆ. ಡಾ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ತೀರಿಕೊಂಡಾಗ ನಡೆದದ್ದು ಇದೇ ದಾನ.

ಶಿವಮೊಗ್ಗದಿಂದ ತಂಡ ನಿಮ್ಮ ಮನೆಗೆ ಬರುವುದಕ್ಕೇ ಮಳೆಯಲ್ಲಿ ಎರಡು ಗಂಟೆಯ ಮೇಲೆ ಬೇಕು. ತೀರ್ಥಹಳ್ಳಿಯಲ್ಲೇ ಕಣ್ಣು ತೆಗೆಯುವ ತರಬೇತಿ ಆದವರು ಯಾರಿದ್ದಾರೆ ಎಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಇಲ್ಲದಿದ್ದರೆ ತಂಡಕ್ಕೆ ಕಾಯುತ್ತಾ ಕೂರುವುದಕ್ಕಿಂತ ಆಂಬುಲೆನ್ಸ್ ಹೊರಡಿಸಿ ದಾರಿಯ ಮಧ್ಯೆ ಒಂದು ಆಸ್ಪತ್ರೆಯಲ್ಲಿ ಸಂಧಿಸುವ ಮಾತುಕತೆ ಮಾಡಿಕೊಳ್ಳಿ.

ಪಂಚನಾಮೆ:

ಇಲ್ಲಿ ಯಾರೂ ಹೇಳದ ಒಂದು ವಿಷಯ. ಸಾವು ಸಹಜವಾಗಿದ್ದರೆ ಮಾತ್ರ ಈ ದಾರಿ. ಅಡಿಕೆ ಮರದಿಂದ ಬಿದ್ದದ್ದು, ಹಾವು ಕಚ್ಚಿದ್ದು, ಹೊಳೆಯಲ್ಲಿ ಮುಳುಗಿದ್ದು, ತೋಟದಲ್ಲಿ ಕರೆಂಟ್ ಹೊಡೆದದ್ದು, ಅಪಘಾತ, ಆತ್ಮಹತ್ಯೆ ಇವೆಲ್ಲ ಯುಡಿಆರ್, ಅಂದರೆ ಪೊಲೀಸರು ದಾಖಲಿಸುವ ಅಸಹಜ ಸಾವಿನ ಪ್ರಕರಣ ಆಗುತ್ತವೆ. ಮೊದಲು ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) ಕಲಂ 174 ಎನ್ನುತ್ತಿದ್ದದ್ದು 2024ರ ಜುಲೈ 1ರಿಂದ ಹೊಸ ಕಾಯ್ದೆಯಾದ ಬಿಎನ್‌ಎಸ್‌ಎಸ್ 194 ಆಗಿದೆ. ಪೊಲೀಸ್ ಪಂಚನಾಮೆ, ಸಾಮಾನ್ಯವಾಗಿ ಮರಣೋತ್ತರ ಪರೀಕ್ಷೆ. ಎದೆ, ಹೊಟ್ಟೆ, ತಲೆಬುರುಡೆ ಮೂರನ್ನೂ ತೆರೆದ ಮೇಲೆ ಅಂಗರಚನಾ ವಿಭಾಗಕ್ಕೆ ಆ ದೇಹ ಉಪಯೋಗಕ್ಕೆ ಬರುವುದಿಲ್ಲ, ದೊಡ್ಡ ರಕ್ತನಾಳಗಳೆಲ್ಲ ಕತ್ತರಿಸಿರುತ್ತವೆ, ದ್ರಾವಣ ನಿಲ್ಲಲು ಜಾಗವೇ ಇರುವುದಿಲ್ಲ. ಇಂಥ ಸಾವಿನಲ್ಲೂ ಕಣ್ಣು ಕೊಡಬಹುದು, ತನಿಖಾಧಿಕಾರಿ ಮತ್ತು ಪರೀಕ್ಷೆ ಮಾಡುವ ವೈದ್ಯರ ಒಪ್ಪಿಗೆ ಬೇಕು.

ಮನೆಯಲ್ಲಿ ಸತ್ತಾಗ ದೊಡ್ಡ ತೊಡಕು ಸಾವಿನ ಕಾರಣದ ಪ್ರಮಾಣಪತ್ರದ್ದು. ಆಸ್ಪತ್ರೆಯ ಸಾವಿಗೆ ಫಾರಂ 4, ಮನೆಯ ಸಾವಿಗೆ ಫಾರಂ 4ಎ. ಅದಕ್ಕೆ ಸಹಿ ಹಾಕಬೇಕಾದವರು ಕೊನೆಯ ಕಾಯಿಲೆಯಲ್ಲಿ ನೋಡುತ್ತಿದ್ದ ವೈದ್ಯರು. ಆರು ತಿಂಗಳಿಂದ ಯಾವ ವೈದ್ಯರ ಮುಖವನ್ನೂ ನೋಡದ ವೃದ್ಧರು ರಾತ್ರಿ ತೀರಿಕೊಂಡರೆ ಬೆಳಿಗ್ಗೆ ಕಾರಣ ಬರೆದುಕೊಡಿ ಎಂದರೆ ಯಾರೂ ಮುಂದೆ ಬರುವುದಿಲ್ಲ, ವಿಷಯ ಠಾಣೆಗೆ ಹೋಗುತ್ತದೆ, ಹೊತ್ತು ಕಳೆಯುತ್ತದೆ. ಹಾಗಾಗಿ ಮಾವನವರನ್ನು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಆಗಾಗ ತೋರಿಸುತ್ತಿರಿ. ಡಿಸ್ಚಾರ್ಜ್ ಸಮ್ಮರಿ, ಪೇಸ್‌ಮೇಕರ್ ಕಾರ್ಡ್, ಔಷಧಿ ಚೀಟಿ ಒಂದೇ ಫೈಲಿನಲ್ಲಿ ಇರಲಿ. ಸಾವಿನ ನೋಂದಣಿಗೆ 21 ದಿನ ಇದೆ, ಸ್ಮಶಾನದ ಚೀಟಿಯ ಬದಲು ಕಾಲೇಜು ಕೊಡುವ ಸ್ವೀಕೃತಿ ಪತ್ರ ಇಟ್ಟುಕೊಳ್ಳಿ.

ಹೂಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ, ಹೇಗೂ ಮಣ್ಣಾಗುವುದೇ ಅಲ್ಲವೇ ಎನ್ನುವವರಿಗೆ ಒಂದು ಮಾತು. ಮಲೆನಾಡಿನ ನೀರು ನಿಲ್ಲುವ ಮಣ್ಣಿನಲ್ಲಿ ಹೂತ ದೇಹ ಬೇಗ ಮಣ್ಣಾಗುತ್ತದೆ ಎಂದೇನಿಲ್ಲ. ತೇವ ಇದ್ದು ಗಾಳಿ ಇಲ್ಲದಿದ್ದರೆ ಚರ್ಮದಡಿಯ ಕೊಬ್ಬು ಮೇಣದಂಥ ಬಿಳಿ ಪದಾರ್ಥವಾಗಿ ಮಾರ್ಪಡುತ್ತದೆ, ಅಡಿಪೋಸಿಯರ್ ಎನ್ನುತ್ತೇವೆ. ಅದು ವರ್ಷಗಟ್ಟಲೆ ಹಾಗೇ ಇರುತ್ತದೆ, ಮುಖದ ಗುರುತೂ ಗಾಯದ ಗುರುತೂ ಉಳಿದಿರುತ್ತವೆ. ತಜ್ಞರು ಬಳಸುವ ಹಳೆಯ ಲೆಕ್ಕವೊಂದಿದೆ: ಬಯಲಲ್ಲಿ ಒಂದು ವಾರದಲ್ಲಿ ಆಗುವ ಕೊಳೆತ ನೀರಿನಲ್ಲಿ ಎರಡು ವಾರಕ್ಕೆ, ಮಣ್ಣಿನಲ್ಲಿ ಎಂಟು ವಾರಕ್ಕೆ. ಅದೂ ಅಂದಾಜು ಮಾತ್ರ.

ಮೇಗರವಳ್ಳಿ ಓದುಗ:

ತುಂಬಾ ಉಪಕಾರವಾಯಿತು. ಇನ್ನೆರಡು ಕೇಳುತ್ತೇನೆ, ಬೇಸರ ಮಾಡಬೇಡಿ. ಕಾಲೇಜಿಗೆ ಹೋದ ಮೇಲೆ ದೇಹಕ್ಕೆ ಏನೇನು ಆಗುತ್ತದೆ? ಅತ್ತೆಗೆ ಅದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕಂತೆ, ಅವರೇ ಕೇಳಿದ್ದಾರೆ. ಕೊನೆಗೆ ಬೂದಿ ಅಥವಾ ಅಸ್ಥಿ ಸಿಗುತ್ತದೆಯೇ?

ಡಿಸೆಕ್ಷನ್ ಹಾಲ್:

ಅತ್ತೆಯವರು ಕೇಳಿದ್ದು ಒಳ್ಳೆಯದಾಯಿತು. ಇದನ್ನು ತಿಳಿದೇ ಸಹಿ ಹಾಕಬೇಕು.

ಬಂದ ದಿನವೇ ಎಂಬಾಮಿಂಗ್, ಅಂದರೆ ಕೆಡದಂತೆ ದ್ರಾವಣ ತುಂಬುವ ಕೆಲಸ ಆಗುತ್ತದೆ. ರಾತ್ರಿ ಬಂದರೆ ಮಾರ್ಚುರಿಯ ಶೈತ್ಯಾಗಾರದಲ್ಲಿಟ್ಟು ಬೆಳಿಗ್ಗೆ. ತೊಡೆಸಂದಿನ ಕೆಳಗೆ ಐದಾರು ಸೆಂಟಿಮೀಟರ್ ಉದ್ದ ಕೊಯ್ದು ಧಮನಿಯನ್ನು ಬಿಡಿಸುತ್ತಾರೆ. ಅಲ್ಲಿ ಹೊರಗಿನಿಂದ ಒಳಕ್ಕೆ ನರ, ಧಮನಿ, ಅಭಿಧಮನಿ ಎಂಬ ಸಾಲು. ಧಮನಿಗೆ ಕ್ಯಾನುಲಾ ಎಂಬ ಕೊಳವೆ ತೂರಿಸಿ ದಾರ ಬಿಗಿದು, ಆರೆಂಟು ಅಡಿ ಎತ್ತರದಲ್ಲಿ ತೂಗಿಸಿದ ಡಬ್ಬಿಯಿಂದ ಅಥವಾ ಪಂಪಿನಿಂದ ದ್ರಾವಣ ಬಿಡುತ್ತಾರೆ. ಮೊದಲು ತಲೆಯ ದಿಕ್ಕಿಗೆ, ಆಮೇಲೆ ಕ್ಯಾನುಲಾ ತಿರುಗಿಸಿ ಪಾದದ ದಿಕ್ಕಿಗೆ. ಸಾಧಾರಣ ಮೈಕಟ್ಟಿನ ದೇಹಕ್ಕೆ 8ರಿಂದ 10 ಲೀಟರ್ ಹಿಡಿಯುತ್ತದೆ. ಡಬ್ಬಿಯಿಂದ ಬಿಟ್ಟರೆ ಕೆಲವು ಗಂಟೆಯ ಕೆಲಸ.

10 ಲೀಟರ್‌ನಲ್ಲಿ ಫಾರ್ಮಲಿನ್ ಒಂದರಿಂದ ಎರಡು ಲೀಟರ್, ಉಳಿದದ್ದು ಸ್ಪಿರಿಟ್, ಗ್ಲಿಸರಿನ್, ಸ್ವಲ್ಪ ಫೀನಾಲ್, ಥೈಮಾಲ್, ನೀರು. ಅಳತೆ ಕಾಲೇಜಿಂದ ಕಾಲೇಜಿಗೆ ಬೇರೆ. ಫಾರ್ಮಲಿನ್ ಪ್ರೋಟೀನನ್ನು ಗಟ್ಟಿ ಮಾಡುತ್ತದೆ. ಅದು ಹೆಚ್ಚಾದರೆ ಸ್ನಾಯು ಬೂದುಬಣ್ಣಕ್ಕೆ ತಿರುಗಿ ಚಿಮಟಿಗೆ ಪುಡಿಯಾಗುತ್ತದೆ. ಗ್ಲಿಸರಿನ್ ಕಡಿಮೆಯಾದರೆ ಬೆರಳ ತುದಿ, ಕಿವಿ, ಮೂಗು ಒಣಗಿ ತೊಗಲಾಗುತ್ತವೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಫೀನಾಲ್ ಕೈಬಿಡುವ ಹಾಗೇ ಇಲ್ಲ, ಮೇಜಿನ ಮೇಲಿನ ದೇಹಕ್ಕೆ ಬೂಷ್ಟು ಹಿಡಿಯುತ್ತದೆ.

ದ್ರಾವಣ ಎಲ್ಲ ಕಡೆ ಹೋಯಿತೇ ಎಂದು ಕೈಯಿಂದ ಮುಟ್ಟಿ ತಿಳಿಯಬೇಕು. ಕಿವಿಯ ತುದಿ, ಹೆಬ್ಬೆರಳು, ಮೀನಖಂಡ ಒಂದೊಂದಾಗಿ ಗಟ್ಟಿಯಾಗುತ್ತಾ ಬರುತ್ತವೆ. ನಿಮ್ಮ ಮಾವನವರ ವಯಸ್ಸಿಗೆ, ಸಕ್ಕರೆ ಕಾಯಿಲೆಗೆ, ಕಾಲಿನ ಧಮನಿಗಳಲ್ಲಿ ಸುಣ್ಣ ಕಟ್ಟಿರುವ ಸಾಧ್ಯತೆ ಹೆಚ್ಚು. ಆಗ ಮೊಣಕಾಲಿನ ಕೆಳಗೆ ಮೆತ್ತಗೇ ಉಳಿಯುತ್ತದೆ. ಅಲ್ಲಿಗೆಲ್ಲ ಉದ್ದ ಸೂಜಿಯ ಸಿರಿಂಜಿನಿಂದ ಬಿಡಿಬಿಡಿಯಾಗಿ ತುಂಬಬೇಕು. ತಡವಾಗಿ ಬಂದ ದೇಹದಲ್ಲಿ ಮೊದಲು ನಷ್ಟವಾಗುವುದು ಮಿದುಳು. ದ್ರಾವಣ ಅಲ್ಲಿಗೆ ಮುಟ್ಟುವ ಮೊದಲೇ ಗಂಜಿಯಂತಾಗಿರುತ್ತದೆ. ಚೆನ್ನಾಗಿ ಉಳಿದ ಮಿದುಳನ್ನು ಹೊರತೆಗೆದು, ತಳಭಾಗದ ಬೇಸಿಲಾರ್ ಧಮನಿಯಡಿ ದಾರ ಹಾಯಿಸಿ, ಫಾರ್ಮಲಿನ್ ತುಂಬಿದ ಬಕೆಟಿನಲ್ಲಿ ತಲೆಕೆಳಗಾಗಿ ತೂಗುಬಿಡುತ್ತಾರೆ. ತಳಕ್ಕೆ ತಾಗಿ ಕುಳಿತರೆ ಚಪ್ಪಟೆಯಾಗುತ್ತದೆ.

ಆಮೇಲೆ ಕೈಗೋ ಕಾಲಿಗೋ ಸಂಖ್ಯೆಯ ಬಿಲ್ಲೆ ಕಟ್ಟಿ ಫಾರ್ಮಲಿನ್ ತೊಟ್ಟಿಗೆ ಇಳಿಸುತ್ತಾರೆ. ಹೆಸರು ರಿಜಿಸ್ಟರಿನಲ್ಲಿ ಮಾತ್ರ. ಕೆಲವು ತಿಂಗಳು ಕಳೆದ ಮೇಲೆ ಮೇಜಿಗೆ ಬರುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗಳು ಕೋರ್ಸ್ ಶುರುವಿನಲ್ಲಿ ದೇಹದ ಮುಂದೆ ನಿಂತು ಪ್ರತಿಜ್ಞೆ ತೆಗೆದುಕೊಳ್ಳುತ್ತಾರೆ: ಗೌರವದಿಂದ ನಡೆದುಕೊಳ್ಳುತ್ತೇವೆ, ಫೋಟೋ ತೆಗೆಯುವುದಿಲ್ಲ ಎಂದು. ಸಾಮಾನ್ಯವಾಗಿ ತೋಳಿನಿಂದ ಶುರು, ಆಮೇಲೆ ಕಾಲು, ಎದೆ, ಹೊಟ್ಟೆ, ಕೊನೆಗೆ ತಲೆ-ಕುತ್ತಿಗೆ. ಒಂದು ವರ್ಷದ ಆಸುಪಾಸು ನಡೆಯುತ್ತದೆ. ಒಂದೇ ನರ ಇಬ್ಬರಲ್ಲಿ ಒಂದೇ ದಾರಿ ಹಿಡಿದಿರುವುದಿಲ್ಲ. ಪುಸ್ತಕದ ಚಿತ್ರವಾಗಲಿ ಕಂಪ್ಯೂಟರ್ ಮಾದರಿಯಾಗಲಿ ಇದನ್ನು ಬೆರಳಿಗೆ ಕಲಿಸಲಾರದು. ಸಿಲಿಕೋನ್ ತುಂಬಿದ ಪ್ಲಾಸ್ಟಿನೇಷನ್ ಮಾದರಿಗಳು ವಾಸನೆಯಿಲ್ಲದೆ ಬಾಳುತ್ತವೆ, ಪ್ರದರ್ಶನಕ್ಕೆ ಚೆಂದ. ಆದರೆ ಅವುಗಳ ಮೇಲೆ ಕತ್ತಿ ಆಡಿಸಿ ಕಲಿಯಲಾಗುವುದಿಲ್ಲ.

ಬೂದಿಯ ವಿಷಯ: ಸಾಮಾನ್ಯವಾಗಿ ಸಿಗುವುದಿಲ್ಲ. ಮೂಳೆಗಳನ್ನು ಬಿಡಿಸಿ, ತೊಳೆದು, ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳಿ ಮಾಡಿ ಪಾಠಕ್ಕೆ ಇಟ್ಟುಕೊಳ್ಳುತ್ತಾರೆ. ಉಳಿದದ್ದು ನಿಯಮದ ಪ್ರಕಾರ ದಹನ ಅಥವಾ ಆಳವಾದ ಗುಂಡಿಗೆ. ಉತ್ತರಕ್ರಿಯೆಗೆ ಬೇಕಾದವರು ದೇಹ ಕಳಿಸುವ ಮೊದಲೇ ಸ್ವಲ್ಪ ಕೂದಲು, ಉಗುರು ತೆಗೆದಿಟ್ಟುಕೊಳ್ಳುತ್ತಾರೆ. ಅದಕ್ಕೆ ನಮ್ಮ ಕಡೆಯಿಂದ ಆಕ್ಷೇಪವಿಲ್ಲ.

ಶಾರೀರ ರಚನಾ:

ಆಯುರ್ವೇದ ಕಾಲೇಜುಗಳಿಗೂ ದೇಹ ಬೇಕು ಎಂಬುದನ್ನು ಜನ ಮರೆಯುತ್ತಾರೆ. ಪಠ್ಯದಲ್ಲಿ ಶವಚ್ಛೇದನ ಇದೆ. ಸುಶ್ರುತನ ವಿಧಾನವನ್ನೂ ಹೇಳಿಬಿಡುತ್ತೇನೆ: ದೇಹವನ್ನು ಮುಂಜದ ಹುಲ್ಲಿನಲ್ಲಿ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಮರೆಯಾದ ಜಾಗದಲ್ಲಿ ಏಳು ರಾತ್ರಿ ನೆನೆಸಿ, ಆಮೇಲೆ ಲಾವಂಚ ಮುಂತಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಪದರ ಪದರವಾಗಿ ನೋಡುವುದು. ಅವನು ಹೇಳುವ ಅರ್ಹತೆ ನೋಡಿ: ಅಂಗಾಂಗ ಪೂರ್ತಿ ಇರಬೇಕು, ವಿಷದಿಂದ ಸತ್ತಿರಬಾರದು, ದೀರ್ಘರೋಗಿಯಾಗಿರಬಾರದು, ಕರುಳಿನ ಮಲ ತೆಗೆದಿರಬೇಕು. ಮೇಲೆ ಅನಾಟಮಿಯವರು ಬರೆದ ಕಾರಣಗಳೊಂದಿಗೆ ಹೋಲಿಸಿದರೆ ಬಹುಪಾಲು ಹೊಂದುತ್ತವೆ, ಕೊಳೆಯುವಿಕೆ ಶುರುವಾಗುವುದು ಕರುಳಿನಿಂದ ಎಂಬುದಂತೂ ನೇರವಾಗಿ.

ಬೆಳಗಾವಿಯ ಡಾ. ಮಹಾಂತೇಶ ರಾಮಣ್ಣವರ ಅವರು 2010ರಲ್ಲಿ ತಮ್ಮ ತಂದೆಯ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ಛೇದಿಸಿ ಪಾಠ ಮಾಡಿದ್ದು ಆಯುರ್ವೇದ ಕಾಲೇಜಿನಲ್ಲೇ. ತಂದೆಯ ಇಚ್ಛೆಯೂ ಅದೇ ಆಗಿತ್ತು.

ಪಂಚನಾಮೆ:

ಒಂದು ಗೊಂದಲ ಬೇಡ. ಮೂತ್ರಪಿಂಡ, ಯಕೃತ್ತು, ಹೃದಯ ಕೊಡುವ ಅಂಗದಾನ ಬೇರೆ. ಅದು ಐಸಿಯುನಲ್ಲಿ ವೆಂಟಿಲೇಟರ್ ಮೇಲಿರುವಾಗ, ಮಿದುಳು ಸತ್ತಿದೆ ಎಂದು ನಾಲ್ಕು ವೈದ್ಯರ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಿದ ಮೇಲೆ ನಡೆಯುವಂಥದ್ದು. ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. 2021ರಲ್ಲಿ ನಟ ಸಂಚಾರಿ ವಿಜಯ್ ಅವರದ್ದು ಆ ಬಗೆಯ ದಾನ. ಮನೆಯಲ್ಲಿ ಹೃದಯ ನಿಂತ ಮೇಲೆ ಆ ಅಂಗಗಳನ್ನು ಕೊಡಲು ಬರುವುದಿಲ್ಲ. ನಿಮಗೆ ಉಳಿಯುವುದು ಕಣ್ಣು ಮತ್ತು ಇಡೀ ದೇಹ.

ಡಿಸೆಕ್ಷನ್ ಹಾಲ್:

ಕಾಗದದ ಕೆಲಸ ಹೇಳಿ ಮುಗಿಸುತ್ತೇನೆ. ಕರ್ನಾಟಕದಲ್ಲಿ ಇದಕ್ಕೆ ಆಧಾರ 1957ರ ಅಂಗರಚನಾ ಶಾಸ್ತ್ರ ಅಧಿನಿಯಮ. ಶಿವಮೊಗ್ಗದ ಸರ್ಕಾರಿ ಮೆಡಿಕಲ್ ಕಾಲೇಜಾದ ಸಿಮ್ಸ್‌ನ ಅಂಗರಚನಾ ವಿಭಾಗದಲ್ಲಿ ಅರ್ಜಿ ಕೇಳಿ, ಮಾವನವರ ಸಹಿಯ ಜತೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಸಾಕ್ಷಿಗಳು ಹೆಂಡತಿ ಮಕ್ಕಳೇ ಆಗಿರಲಿ. ಪ್ರತಿಜ್ಞೆ ಬರೆದವರು ಇಲ್ಲವಾದ ದಿನ ದೇಹ ಒಪ್ಪಿಸಬೇಕಾದವರು ಅವರೇ. ಅಂದು ಒಬ್ಬ ಮಗ ಬೇಡ ಎಂದರೂ ಯಾವ ಕಾಲೇಜೂ ಜಗಳದ ನಡುವೆ ದೇಹ ಇಳಿಸಿಕೊಳ್ಳುವುದಿಲ್ಲ. ಪರದೇಶದಲ್ಲಿರುವ ಮಕ್ಕಳು ಬರುವವರೆಗೆ ಕಾಯುವುದೋ ಬೇಡವೋ ಎಂಬುದನ್ನೂ ಈಗಲೇ ಇತ್ಯರ್ಥ ಮಾಡಿ. ಕಾಯುವುದಾದರೆ ಮನೆಯಲ್ಲಿ ಬೇಡ, ತೀರ್ಥಹಳ್ಳಿಯ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಶವಾಗಾರದಲ್ಲಿ. ಊರಿಗೆ ಸಾಗಿಸಲು ಬೇರೆ ಕಡೆ ಎಂಬಾಮಿಂಗ್ ಮಾಡಿಸಿದ್ದರೆ ಆ ಚೀಟಿ ತನ್ನಿ. ಅದು ಕೆಲವು ದಿನಕ್ಕೆ ಮಾತ್ರ ಸಾಲುವ ತೆಳು ದ್ರಾವಣ, ಮತ್ತೆ ಮಾಡಬೇಕಾಗುತ್ತದೆ.

ಕೊಡುವ ದಿನ ಬೇಕಾದ್ದು: ವೈದ್ಯರ ಮರಣ ಪ್ರಮಾಣಪತ್ರ, ತೀರಿಕೊಂಡವರ ಮತ್ತು ಒಪ್ಪಿಸುವವರ ಆಧಾರ್ ಪ್ರತಿ, ಪ್ರತಿಜ್ಞಾ ಪತ್ರದ ಪ್ರತಿ, ಒಪ್ಪಿಗೆ ಪತ್ರ. ಕೆಲವು ಕಾಲೇಜುಗಳು ಠಾಣೆಯ ನಿರಾಕ್ಷೇಪಣಾ ಪತ್ರವನ್ನೂ ಕೇಳುತ್ತವೆ, ಅರ್ಜಿ ಕೊಡುವಾಗಲೇ ವಿಚಾರಿಸಿ. ಆಂಬುಲೆನ್ಸ್ ಖರ್ಚು ಯಾರದ್ದು, ಭಾನುವಾರ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಕೇಳಿ.

ರಸ್ತೆ ಬಂದ್ ಆದರೆ ಎಂದು ಕೇಳಿದ್ದಿರಿ. ಎರಡನೆಯ ದಾರಿ ಇಟ್ಟುಕೊಳ್ಳಿ. ಶಿವಮೊಗ್ಗದ ಹೊರವಲಯದ ಪುರಲೆಯಲ್ಲಿ ಸುಬ್ಬಯ್ಯ ಮೆಡಿಕಲ್ ಕಾಲೇಜು ಇದೆ, ಆದರೆ ಅದೂ ಮಂಡಗದ್ದೆ ದಾಟಿಯೇ. ಮರ ಬೀಳುವುದು ತೀರ್ಥಹಳ್ಳಿ-ಶಿವಮೊಗ್ಗ ನಡುವೆ ಆದರೆ ನಿಮಗೆ ಆಗುಂಬೆ ಘಾಟಿ ಇಳಿದು ಮಣಿಪಾಲ ಹತ್ತಿರ. ಅಲ್ಲಿಯ ಅಂಗರಚನಾ ವಿಭಾಗದ ನಿಯಮವನ್ನೂ ಈಗಲೇ ತಿಳಿದುಕೊಂಡು, ಎರಡೂ ಕಡೆಯ ನಂಬರ್ ಫೈಲಿನ ಮೇಲೆ ಬರೆಯಿರಿ. ಮಳೆಗಾಲದಲ್ಲಿ ನಿಮ್ಮ ಕಡೆ ನೆಟ್‌ವರ್ಕ್ ಸಿಗದಿದ್ದರೆ ಫೋನ್ ಮಾಡಲು ಯಾರು ಎಲ್ಲಿಗೆ ಹೋಗಬೇಕು ಎಂಬುದನ್ನೂ ಅದರ ಕೆಳಗೇ ಬರೆದಿಡಿ.